ಹಳೆಯ ಸರ್ವರ್‌ನ ಉತ್ತರವನ್ನು ‘ಕರ್ಲ್’ ತಿರಸ್ಕರಿಸಿದರೆ ಅದು ಕೆಟ್ಟಿದೆ ಎಂದರ್ಥವೇ?
ಇಲ್ಲ. ಕರ್ಲ್ ಎಂದರೆ ಕಮಾಂಡ್ ಟೈಪ್ ಮಾಡಿ ಇಂಟರ್‌ನೆಟ್‌ನಿಂದ ಫೈಲ್ ತರಿಸಿಕೊಳ್ಳುವ ತಂತ್ರಾಂಶ.

1991ರ ಎಚ್‌ಟಿಟಿಪಿ 0.9 ಪದ್ಧತಿಯಲ್ಲಿ ಉತ್ತರದ ಜೊತೆ ಹೆಡರ್, ಅಂದರೆ ವಿವರದ ಚೀಟಿ, ಬರುವುದೇ ಇಲ್ಲ. ಫೈಲ್ ಯಾವ ಬಗೆಯದು, ಎಷ್ಟು ದೊಡ್ಡದು, ದೋಷವಿದೆಯೇ ಎಂಬುದು ಗೊತ್ತಾಗದು. ಸಂಪರ್ಕ ಅರ್ಧಕ್ಕೇ ಮುಚ್ಚಿದರೂ ಫೈಲ್ ಪೂರ್ತಿ ಬಂದಂತೆ ಕಾಣಬಹುದು. ಬೇರೆ ಯಾವುದೋ ಸೇವೆ ಕಳಿಸಿದ ಅರ್ಥವಿಲ್ಲದ ಅಕ್ಷರಗಳೂ ಉತ್ತರವೆನಿಸಬಹುದು. 2019ರಲ್ಲಿ ಬಂದ 7.66.0 ಆವೃತ್ತಿಯಿಂದ ಕರ್ಲ್ ಇಂಥ ಉತ್ತರವನ್ನು ತಾನಾಗಿ ಒಪ್ಪುವುದಿಲ್ಲ. ಬೇಕಿದ್ದರೆ ನಾವೇ ಆಯ್ಕೆ ಕೊಡಬೇಕು.

‘ಈ ಆಯ್ಕೆ ಸೇರಿಸಿ, ಎಲ್ಲ ಸರಿಹೋಗುತ್ತದೆ’ ಎಂಬ ಫಾರ್ವರ್ಡ್ ಬಂದರೆ ಕಣ್ಣುಮುಚ್ಚಿ ಹಂಚುವುದು ಬೇಡ. ನಮಗೆ ಗೊತ್ತಿರುವ ಹಳೆಯ ಉಪಕರಣಕ್ಕಷ್ಟೇ ಅದನ್ನು ಬಳಸೋಣ. ಬಂದ ಫೈಲನ್ನು ತೆರೆದು ಪರೀಕ್ಷಿಸೋಣ.