ಹಾಡು ತಲುಪಿದೆ, ಅರ್ಥವೂ ತಲುಪಲಿ



ವಚನ, ತತ್ವಪದಗಳನ್ನು ಗಿಟಾರು ಮತ್ತು ಡ್ರಮ್ಮಿನೊಂದಿಗೆ ಹಾಡಬಹುದೆ? ನಮ್ಮ ಅನುಭಾವ ಗೋಷ್ಠಿಗಳಲ್ಲಿ ಈ ಪ್ರಶ್ನೆ ಆಗಾಗ ಏಳುತ್ತದೆ. ಹಿರಿಯರಲ್ಲಿ ಕೆಲವರು ಅದು ಅಪಚಾರವೆನ್ನುತ್ತಾರೆ. ಕಿರಿಯರು ಎದುರು ಮಾತಾಡುವುದಿಲ್ಲ; ಮುಂದಿನ ಗೋಷ್ಠಿಗೆ ಬರುವುದನ್ನು ಬಿಡುತ್ತಾರೆ, ಅಷ್ಟೆ. ನಮ್ಮ ವಡಗಾವಿಯ ಓಣಿಗಳಲ್ಲಿ ಮಗ್ಗದ ಸದ್ದಿನ ನಡುವೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ದುಡಿಯುವ ನೇಕಾರರ ಮಕ್ಕಳು ಏನು ಕೇಳುತ್ತಿದ್ದಾರೆಂದು ನಾವು ವಿಚಾರಿಸಿದ್ದೇವೆಯೆ? ಈ ಚರ್ಚೆ ಬಂದಾಗಲೆಲ್ಲ ನನಗೆ ನೆನಪಾಗುವುದು 2008ರಲ್ಲಿ ಹೊರಬಂದ ಒಂದು ಧ್ವನಿಮುದ್ರಿಕೆ.

ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಸೂಕ್ಷ್ಮಜೀವಿ ಶಾಸ್ತ್ರ ಓದಿದವರು, ಭರತನಾಟ್ಯ ಕಲಿತವರು. ತಮ್ಮ ರಾಕ್ ತಂಡದ ಹಾಡುಗಳನ್ನು ಹಿಡಿದು ಹಲವು ವರ್ಷ ಧ್ವನಿಮುದ್ರಣ ಕಂಪನಿಗಳ ಬಾಗಿಲು ತಟ್ಟಿದರೂ ಯಾರೂ ತೆರೆಯಲಿಲ್ಲ. ಕೊನೆಗೆ ಮುಂಬೈಯ ಸಂಗೀತ ನಿರ್ದೇಶಕರಾದ ವಿಶಾಲ್ ಮತ್ತು ಶೇಖರ್ ಅವರು ಆ ಹಾಡುಗಳನ್ನು ಕೇಳಿ ಮೆಚ್ಚಿ ತಂಡದ ಚೊಚ್ಚಲ ಮುದ್ರಿಕೆಯನ್ನು ಹೊರತಂದರು. ಹಿಂದಿ, ಇಂಗ್ಲಿಷ್ ಹಾಡುಗಳ ಜೊತೆಗೆ ಅದರಲ್ಲಿ ಸಂತ ಶಿಶುನಾಳ ಶರೀಫರ ಗುಡುಗುಡಿಯ ಪದವೂ ಇತ್ತು. 2010ರಲ್ಲಿ ಬಿಬಿಸಿ ದೂರದರ್ಶನದ ಜೂಲ್ಸ್ ಹಾಲೆಂಡ್ ಅವರ ಕಾರ್ಯಕ್ರಮದಲ್ಲಿ ತಂಡ ಹಾಡಿದ ಬಳಿಕ ಮುದ್ರಿಕೆ ಬ್ರಿಟನ್ನಿನ ಐಟ್ಯೂನ್ಸ್ ವಿಶ್ವಸಂಗೀತ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಶಿಗ್ಗಾವಿ ಸೀಮೆಯ ಒಂದು ಹಳ್ಳಿಯಲ್ಲಿ ಬದುಕಿದ ಸಂತನ ಪದ ಕನ್ನಡದ ಗಂಧವೇ ಇಲ್ಲದವರ ಕಿವಿಗೂ ಬಿತ್ತು.

ಶರೀಫರು (1819–1889) ಮುಸಲ್ಮಾನರ ಮನೆಯಲ್ಲಿ ಹುಟ್ಟಿ, ಕಳಸದ ಗೋವಿಂದ ಭಟ್ಟರನ್ನು ಗುರುವಾಗಿ ಒಪ್ಪಿ, ಜಾತಿಯ ಗೋಡೆಗಳನ್ನು ನಗುನಗುತ್ತಲೇ ದಾಟಿದವರು. ಅವರ ಪದಗಳನ್ನು ಭಜನಾ ಮಂಡಳಿಗಳು ಕಾಪಾಡಿದವು, ಸಿ. ಅಶ್ವಥ್ ಕ್ಯಾಸೆಟ್ಟಿನ ಕಾಲದಲ್ಲಿ ಮನೆಮನೆಗೆ ಮುಟ್ಟಿಸಿದರು. ಆಮೇಲೆ ಗಿಟಾರು ಹಿಡಿದವರು ಎತ್ತಿಕೊಂಡರು. ವಚನಗಳದೂ ಇಂಥದೇ ದಾರಿ. ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು ಅವರು ವಚನಗಳನ್ನು ಹಿಂದುಸ್ತಾನಿ ರಾಗಗಳಲ್ಲಿ ಹಾಡಿದ್ದನ್ನು ನಾವು ಇಂದು ಪರಂಪರೆ ಎಂದೇ ಗೌರವಿಸುತ್ತೇವೆ.

ಗಿಟಾರು ಪರದೇಶದ ವಾದ್ಯ ಎಂಬ ಆಕ್ಷೇಪವಿದೆ. ಹಾಗಾದರೆ ನಮ್ಮ ಮಠದ ಭಜನೆಯ ಹಾರ್ಮೋನಿಯಂ ಎಲ್ಲಿಯದು? ಅದು ಯುರೋಪಿನಿಂದ ಬಂದದ್ದು. ಅದು ನಮ್ಮ ಸಂಗೀತಕ್ಕೆ ಸಲ್ಲದೆಂದು ಆಕಾಶವಾಣಿ 1940ರಿಂದ 1971ರವರೆಗೆ ದೂರವಿಟ್ಟಿತ್ತು. ಇಂದು ಹಾರ್ಮೋನಿಯಂ ಇಲ್ಲದ ಭಜನೆ ನಮಗೆ ಭಜನೆ ಎನ್ನಿಸುವುದಿಲ್ಲ. ಸದ್ದು ಹೆಚ್ಚಾಯಿತೆಂಬ ಮಾತಿಗಂತೂ, ಜಾತ್ರೆಯಲ್ಲಿ ಕರಡಿ ಮಜಲಿನ ಮುಂದೆ ಒಮ್ಮೆ ನಿಂತು ಬಂದರೆ ಉತ್ತರ ಸಿಗುತ್ತದೆ. ತಾಳ, ಲೆಕ್ಕ ತನಗೆ ತಿಳಿಯದು, ತಾನು ಒಲಿದ ಹಾಗೆ ಹಾಡುವೆನೆಂಬ ಭಾವವನ್ನು ಬಸವಣ್ಣನವರೇ ವಚನದಲ್ಲಿ ನುಡಿದಿದ್ದಾರೆ. ಅಂಥ ಗುರುವಿನ ಮಕ್ಕಳು ವಾದ್ಯಗಳಿಗೆ ಮಡಿ-ಮೈಲಿಗೆ ಕಲ್ಪಿಸುವುದು ಸರಿಯಲ್ಲ.

ಆದರೆ ಹಿರಿಯರ ಅಳುಕನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಆ ಅಳುಕಿನಲ್ಲಿ ಒಂದು ನಿಜವಿದೆ. ಗುಡುಗುಡಿಯ ಪದವನ್ನೇ ನೋಡಿ. ಸಾವಿರಾರು ಯುವಕರು ಅದಕ್ಕೆ ಕುಣಿಯುತ್ತಾರೆ. ಅವರಲ್ಲಿ ಎಷ್ಟೋ ಮಂದಿಗೆ ಅದು ನಶೆಯ ಹಾಡು. ಮೋಹವನ್ನು ಕೊಚ್ಚಿ ಬುದ್ಧಿಯ ಬೆಂಕಿಯಲ್ಲಿ ಸುಡು, ಒಳಗಿನ ರೋಗ ಕಳೆದುಕೋ ಎಂದು ಶರೀಫರು ಚಟಬಿಡಿಸುವ ಮಾತನ್ನೇ ಚಟದ ಭಾಷೆಯಲ್ಲಿ ಹೇಳಿದ್ದಾರೆಂಬುದು ಅವರಿಗೆ ಗೊತ್ತಿಲ್ಲ. ತಪ್ಪು ಗಿಟಾರಿನದಲ್ಲ, ಹಾಡುವವರದೂ ಅಲ್ಲ. ಹಾಡು ತಲುಪಿಸುವುದು ಅವರ ಕಾಯಕ, ಅವರು ಮಾಡಿದ್ದಾರೆ. ಅರ್ಥ ತಲುಪಿಸುವುದು ಮಠಗಳ ಮತ್ತು ನಮ್ಮಂಥ ಪತ್ರಿಕೆಗಳ ಕಾಯಕ. ಅದು ಬಾಕಿ ಉಳಿದಿದೆ.

ಈ ಹೊಣೆ ಬೆಳಗಾವಿಗೆ ಹೊಸದಲ್ಲ. ಊರೂರು ತಿರುಗಿ ತಾಡೋಲೆ ಕೂಡಿಸಿದ ಫ. ಗು. ಹಳಕಟ್ಟಿಯವರು ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು 1923ರಲ್ಲಿ ಅಚ್ಚು ಹಾಕಿಸಿದ್ದು ಈ ಊರಿನಲ್ಲೇ. ಅಚ್ಚಿನ ಯಂತ್ರವೂ ಹೊರಗಿನಿಂದ ಬಂದದ್ದೇ. ವಚನ ಓಲೆಯಲ್ಲೇ ಇರಲಿ ಎಂದು ಅವರು ಕೈಕಟ್ಟಿ ಕೂತಿದ್ದರೆ ಇಂದು ನಮ್ಮ ಕೈಯಲ್ಲಿ ಏನು ಉಳಿಯುತ್ತಿತ್ತು? ಅವರು ಬರೀ ಅಚ್ಚು ಹಾಕಿಸಿ ಸುಮ್ಮನಾಗಲಿಲ್ಲ. ವಚನಗಳನ್ನು ವಿಷಯವಾರು ಜೋಡಿಸಿ, ಓದುಗನ ತಿಳಿವಿಗೆ ದಾರಿ ಮಾಡಿದರು. ಹೊಸ ಸಾಧನ ಮತ್ತು ತಿಳಿವು ಎರಡನ್ನೂ ಅವರು ಒಟ್ಟಿಗೆ ಹಿಡಿದರು.

ಆದ್ದರಿಂದ ಮಠಗಳ ಪೂಜ್ಯರಲ್ಲಿ, ಬಸವ ಸಂಘಟನೆಗಳ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟು. ವಡಗಾವಿಯಿಂದ ಖಾನಾಪುರದವರೆಗೆ ಗಿಟಾರು ಹಿಡಿದ ಮಕ್ಕಳನ್ನು ಮಠದ ಅಂಗಳಕ್ಕೆ ಕರೆಯಿರಿ. ಮನೆಯಲ್ಲಿ ಮರಾಠಿ ಆಡುವ ಹುಡುಗನಾದರೂ ಸರಿ, ಯಾವ ಜಾತಿಯವನೆಂದು ಕೇಳಬೇಡಿ. ನಮ್ಮ ಹೆಣ್ಣುಮಕ್ಕಳಿಗೂ ಅಲ್ಲಿ ಸಮನಾದ ಜಾಗವಿರಲಿ. ಹಾಡುವ ಮುನ್ನ ಒಂದು ತಾಸು ಅವರ ಜೊತೆ ಕೂತು ವಚನದ ಅರ್ಥ ಬಿಡಿಸಿರಿ. ಅವರ ಅನುಮಾನಗಳನ್ನು ಕೇಳಿರಿ, ಸಿಟ್ಟಾಗಬೇಡಿರಿ. ಷರತ್ತು ಒಂದೇ ಇರಲಿ: ಶರಣರ ಮಾತು ಕೆಡಬಾರದು, ಅಂಕಿತ ಬಿಡಬಾರದು. ರಾಗ, ತಾಳ, ವಾದ್ಯ ಅವರಿಷ್ಟ.

ಬರುವ ಶ್ರಾವಣದ ಪ್ರವಚನಮಾಲೆಯಲ್ಲಿ ಒಂದು ಸಂಜೆಯನ್ನಾದರೂ ಈ ಮಕ್ಕಳಿಗೆ ಬಿಟ್ಟುಕೊಡೋಣ. ಅಂದು ಹಿರಿಯರು ಮುಂದಿನ ಸಾಲಿನಲ್ಲಿ ಕೂತು ಕೇಳಲಿ.