ಕೊರಿಯಾದ ಪ್ರೇಮಕಥೆ, ನಮ್ಮ ಮನೆಯ ನಿದ್ದೆ

ಬೀದರ್ ನಗರವಿರಲಿ, ಭಾಲ್ಕಿ, ಔರಾದ್ ಇರಲಿ, ನಡುರಾತ್ರಿ ನಿಮ್ಮ ಮಗಳು ಕೌದಿಯೊಳಗೆ ಮೊಬೈಲ್ ಹಿಡಿದು ಅಳುತ್ತಿದ್ದರೆ ಗಾಬರಿಪಡಬೇಡಿ. 2016ರ ಕೊರಿಯನ್ ಧಾರಾವಾಹಿ ‘ಮೂನ್ ಲವರ್ಸ್’ ನೋಡುತ್ತಿರಬಹುದು. ಹಳೆಯ ಗೊರ್ಯೊ ಅರಮನೆಯಲ್ಲಿ ಒಂದಾಗಲಾರದೆ ಹೋದ ಪ್ರೇಮಿಗಳ ಕಥೆ; ಸುಮಾರು ಒಂದೊಂದು ಗಂಟೆಯ 20 ಕಂತು.

ಕಥೆಗೆ ಕಣ್ಣೀರು ಬರುವುದು ಕಾಯಿಲೆಯಲ್ಲ. ಆದರೆ ಹದಿಹರೆಯದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಅದು ತಪ್ಪಿದರೆ ಮರುದಿನ ತಲೆನೋವು, ಸಿಡುಕು, ತರಗತಿಯಲ್ಲಿ ತೂಕಡಿಕೆ. ಕಂತು ಮುಗಿಯುವುದೇ ಕುತೂಹಲದ ತುದಿಯಲ್ಲಿ. ಆದ್ದರಿಂದ ನಡುವೆಯೇ ನಿಲ್ಲಿಸುವುದು ಸುಲಭ. ರಾತ್ರಿ ಮೊಬೈಲ್ ಅಡುಗೆಮನೆಯಲ್ಲಿರಲಿ. (ಅಪ್ಪನದೂ ಸಹ!)

ಬೈದು ಕಸಿದುಕೊಳ್ಳಬೇಡಿ. ಜೊತೆಗೆ ಕುಳಿತು ಒಂದು ಕಂತು ನೋಡಿ. ನಮ್ಮದೇ ಜಿಲ್ಲೆಯ ಬಸವಕಲ್ಯಾಣದಲ್ಲಿ, 12ನೆಯ ಶತಮಾನದಲ್ಲಿ, ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಮದುವೆಯಾದುದಕ್ಕೆ ತಂದೆಯರಿಬ್ಬರಿಗೂ ಎಳೆಹೂಟೆಯ ಶಿಕ್ಷೆಯಾಯಿತೆಂಬ ಕಥೆಯನ್ನೂ ಹೇಳಿ. ಮನಸ್ಸಿನಲ್ಲಿರುವುದನ್ನು ಮನೆಯಲ್ಲಿ ಹೇಳಬಹುದೆಂಬ ಧೈರ್ಯ ಮಕ್ಕಳಿಗೆ ಬರುವುದು ಇಂಥ ಮಾತುಕತೆಯಿಂದಲೇ.

ಧಾರಾವಾಹಿ ಮುಗಿದು ಎರಡು ವಾರವಾದರೂ ಊಟ, ಮಾತು ಬೇಡವೆನ್ನುತ್ತಿದ್ದರೆ ವೈದ್ಯರಿಗೆ ತೋರಿಸಿ. ‘ಸಾಯಬೇಕು’ ಎಂಬ ಮಾತು ಬಂದರಂತೂ ಒಂದು ದಿನವೂ ಕಾಯಬೇಡಿ. ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲಿರುಳೂ ಉಚಿತವಾಗಿ ಕರೆ ಮಾಡಬಹುದು.