ಕೈಬಿಟ್ಟ ಒಂದು ಪದ

ಕಾರ್ಮಿಕ ಸಂಘಗಳ 1926ರ ಕಾಯ್ದೆಯ 10ನೇ ಕಲಮಿನಲ್ಲಿ ‘ಉದ್ದೇಶಪೂರ್ವಕವಾಗಿ’ ಎಂಬ ಪದವಿತ್ತು. ನೋಟಿಸು ಕೊಟ್ಟ ಮೇಲೂ ಬೇಕೆಂದೇ ಕಾಯ್ದೆ ಮುರಿದರೆ ಮಾತ್ರ ಉಲ್ಲಂಘನೆಯ ಕಾರಣಕ್ಕೆ ಸಂಘದ ನೋಂದಣಿ ರದ್ದಾಗುತ್ತಿತ್ತು. ಮೋಸದಿಂದ ಪಡೆದ ನೋಂದಣಿಯ ಮಾತು ಬೇರೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಆ ಪದವನ್ನು ಕೈಬಿಟ್ಟಿದೆ. ಸಂಹಿತೆಯನ್ನೋ ತನ್ನದೇ ಬೈಲಾವನ್ನೋ ಸಂಘ ಉಲ್ಲಂಘಿಸಿದೆ ಎಂಬ ಮಾಹಿತಿಯ ಮೇಲೆ, 60 ದಿನಗಳ ನೋಟಿಸು ಕೊಟ್ಟು ರಿಜಿಸ್ಟ್ರಾರ್ ನೋಂದಣಿ ರದ್ದುಪಡಿಸಬಹುದು. ಪಾಳಿ ಮುಗಿಸಿ ಬಂದು, ರಾತ್ರಿ ಚಂದಾ ರಸೀದಿಗಳನ್ನು ಹರಡಿಕೊಂಡು ಲೆಕ್ಕ ಬರೆಯುವ ಖಜಾಂಚಿಯ ಕೈತಪ್ಪೂ ಇದರೊಳಗೆ ಬೀಳಬಹುದು. ನೋಂದಾಯಿತ ಮಾಲೀಕರ ಸಂಘಗಳಿಗೂ ಇದೇ ನಿಯಮ. ಆದರೆ ಅವರ ಲೆಕ್ಕ ನೋಡಲು ಸಂಬಳದ ಜನರಿರುತ್ತಾರೆ. ನ್ಯಾಯಮಂಡಳಿಗೆ ಮೇಲ್ಮನವಿ ಹೋಗಬಹುದು, ನಿಜ. ಅದಕ್ಕೂ ಮೊದಲು ಆ 60 ದಿನಗಳನ್ನು ತಪ್ಪು ತಿದ್ದಿಕೊಳ್ಳುವ ಗಡುವಾಗಿ ರಿಜಿಸ್ಟ್ರಾರರು ಕೊಡಲೇಬೇಕು.